ಎಡಗಡೆ ಸೀಟಿನ ಕೆಳಗಿನ ತಗಡು

ಬಸವೇಶ್ವರನಗರ
೨೨ ಜೂನ್ ೨೦೨೫, ಭಾನುವಾರ

ಪ್ರೀತಿಯ ಅಮ್ಮನಿಗೆ ಶಿವಾನಿಯ ನಮಸ್ಕಾರಗಳು.

ನಾನೂ ಅಪ್ಪನೂ ಆರೋಗ್ಯವಾಗಿದ್ದೇವೆ. ದಾವಣಗೆರೆಯಲ್ಲಿ ಸೆಕೆ ಇಳಿದಿರಬಹುದು. ಹಾಸ್ಟೆಲಿನ ಹುಡುಗಿಯರೆಲ್ಲ ನಿನ್ನನ್ನು ಅಮ್ಮ ಎಂದೇ ಕರೆಯುತ್ತಾರೆಂದು ನಾಗೇಂದ್ರ ಮಾವ ಹೇಳಿದರು. ಕೇಳಿ ಸಂತೋಷವಾಯಿತು. ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

"ಫೋನಲ್ಲಿ ಹೂಂ ಬಿಟ್ರೆ ಇನ್ನೇನೂ ಹೇಳಲ್ಲ ನೀನು. ಏನಿದ್ರೂ ಬರೆದು ಕಳಿಸು" ಎಂದು ನೀನು ಹೇಳಿ ಮೂರು ವಾರವಾಯಿತು. ದಿನವೂ ಬರೆಯಲು ಕುಳಿತು ಎದ್ದಿದ್ದೇನೆ. ಎಂ.ಎ. ಪರೀಕ್ಷೆಯಲ್ಲಿ ಹೆಚ್ಚುವರಿ ಹಾಳೆ ಕೇಳಿ ಕೇಳಿ ಬರೆದವಳಿಗೆ ಅಮ್ಮನಿಗೆ ಒಂದು ಕಾಗದ ಬರೆಯುವುದು ಇಷ್ಟು ಕಷ್ಟವಾಯಿತೇ ಎಂದು ನಗಬೇಡ. ತಡವಾದದ್ದಕ್ಕೆ ಕ್ಷಮಿಸು.

ಮೊದಲು ದೊಡ್ಡ ಸುದ್ದಿ. ಅಪ್ಪ ಕಾರು ಬಿಚ್ಚಿದ್ದಾರೆ. ನಮ್ಮ ಮಾರುತಿಯನ್ನೇ. ಸೀಟು, ಮ್ಯಾಟು, ಬಾಗಿಲು, ಬಾನೆಟ್ಟು ಎಲ್ಲವೂ ನಡುಮನೆಯಲ್ಲಿ ನೆಂಟರ ಹಾಗೆ ಗೋಡೆಗೊರಗಿ ಕುಳಿತಿವೆ. ಹಿಂದಿನ ಸೀಟಿನ ಮೇಲೆ ಕುಳಿತೇ ನಾನು ಈ ಕಾಗದ ಬರೆಯುತ್ತಿದ್ದೇನೆ.

ಇದು ಶುರುವಾದದ್ದು ಮಾವನ ಫೋನಿನಿಂದ. ಹಾಸ್ಟೆಲಿನವರು ನಿನ್ನನ್ನು ವಾರ್ಡನ್ ಆಗಿ ಖಾಯಂ ಮಾಡುತ್ತಾರಂತೆ, ಜುಲೈ ಕೊನೆಯೊಳಗೆ ನೀನು ಒಪ್ಪಿಗೆ ಹೇಳಬೇಕಂತೆ ಎಂದು ಮಾವ ಹೇಳುವಾಗ ಅಪ್ಪ ಅಲ್ಲೇ ಕುಳಿತಿದ್ದರು. ಟೀವಿ ಆರಿಸಿದರು. ಎದ್ದುಹೋಗಿ ಕಾರಿನ ಹೊದಿಕೆ ತೆಗೆದು ಸುಮಾರು ಹೊತ್ತು ನಿಂತರು. ಒಳಗೆ ಬಂದು, "ಗಾಡಿ ಸರಿ ಮಾಡ್ತೀನಿ ಕಣಮ್ಮ. ಅದರಲ್ಲೇ ಹೋಗಿ ನಿಮ್ಮಮ್ಮನ್ನ ಕರ್ಕೊಂಡು ಬರ್ತೀನಿ" ಎಂದರು.

ಕಾರ್ತಿಕದಲ್ಲಿ ಎರಡು ಬ್ಯಾಗು ಹಿಡಿದು ಹೊರಡುವಾಗ ನೀನು ಬಾಗಿಲಲ್ಲಿ ಹೇಳಿದ್ದು ಅವರಿಗೆ ಮರೆತಿದೆಯೋ ಏನೋ ಗೊತ್ತಿಲ್ಲ. ನನಗೆ ಮರೆತಿಲ್ಲ. "ನಾನು ಹೇಳಿದ್ದನ್ನ ಒಂದೇ ಒಂದು ಸಲ ನಂಬಿದ್ರೂ ಇರ್ತಿದ್ದೆ." ನಿನ್ನ ತಲೆಸುತ್ತಿಗೂ ಅವರು ಹೇಳಿದ್ದು ಅದೇ ಹಳೆಯ ಮಾತು, "ನಿನಗೆ ಹಾಗನ್ಸುತ್ತೆ ಅಷ್ಟೆ." ಆಮೇಲೆ ದಾವಣಗೆರೆಯ ಡಾಕ್ಟರು ಕಿವಿಯೊಳಗಿನ ತೊಂದರೆ ಎಂದು ಹೇಳಿ ಗುಳಿಗೆ ಕೊಟ್ಟರಲ್ಲ. ಅದನ್ನು ಮಾವನ ಬಾಯಲ್ಲಿ ಕೇಳಿದಾಗ ಅಪ್ಪ ಎದ್ದು ಹೊರಗೆ ಹೋದರು. ಮೂವತ್ತನಾಲ್ಕು ವರ್ಷ ಕಾರ್ಖಾನೆಯಲ್ಲಿ ತಪಾಸಣೆ ಮಾಡಿ ರಿಟೈರ್ ಆದವರು. ಮಾಪನದ ಮುಳ್ಳು ಅಲುಗಿದರೆ ಮಾತ್ರ ಅವರಿಗೆ ನಂಬಿಕೆ.

ಕಾರಿನ ಬಣ್ಣವನ್ನೂ ತುಕ್ಕನ್ನೂ ಪೂರ್ತಿ ಕಿತ್ತು ಬರಿಯ ತಗಡಿಗೆ ಬರಬೇಕು, ಆಮೇಲೆ ಹೊಸ ಬಣ್ಣ. ಉಪ್ಪುಕಾಗದ ಹಿಡಿದು ಒಂದು ವಾರ ಉಜ್ಜಿದರು. ಅಂಗೈಯಷ್ಟು ಜಾಗ ಆಯಿತು. ಆಗ ಸ್ಯಾಂಡ್‌ಬ್ಲಾಸ್ಟರ್ ಕೊಳ್ಳುವುದೆಂದು ತೀರ್ಮಾನವಾಯಿತು. ಗಾಳಿಯ ರಭಸದಲ್ಲಿ ಸಣ್ಣ ಹರಳು ಹೊಡೆದು ಬಣ್ಣ ಎಬ್ಬಿಸುವ ಯಂತ್ರ. ನೋಡಲು ಕಾಮಾಕ್ಷಿಪಾಳ್ಯದ ಮಧುಕುಮಾರ್ ಎಂಬವರ ಅಂಗಡಿಗೆ ಹೋದೆವು. ನಾನು ಅಪ್ಪನ ಹಿಂದೆ ನಿಂತು ಎಲ್ಲ ನೋಡುತ್ತಿದ್ದೆ.

ಅಪ್ಪ ಎಲ್ಲಕ್ಕಿಂತ ಸಣ್ಣ ಗನ್ ಕೈಗೆತ್ತಿಕೊಂಡರು.

"ಸಾರ್, ಅದು ಸ್ಟ್ರಾ ಹಾಕಿ ಎಳನೀರು ಕುಡಿದಂಗೆ" ಎಂದರು ಮಧುಕುಮಾರ್. "ಬಕೆಟ್ಟಿಂದ ಪುಡಿ ಹೀರ್ಕೊಂಡು ಉಗುಳುತ್ತೆ. ನಟ್ಟು ಬೋಲ್ಟಿಗೆ ಸಾಕು. ಕಾರಿಗೆ ಹಿಡಿದ್ರೆ ನಿಮ್ಮ ಮಗಳ ಮದುವೆ ಆಗಿ ಮೊಮ್ಮಗು ಬರುತ್ತೆ, ಕಾರು ಮುಗಿಯಲ್ಲ."

ನಾನು ನೆಲ ನೋಡಿದೆ.

"ಇದು?"

"ಇದು ಪಾಟು. ಡಬ್ಬಿಯೊಳಗೇ ಒತ್ತಡ ಹಾಕಿ ತಳ್ಳುತ್ತೆ. ಕೆಲಸ ಅಂದ್ರೆ ಇದೇ. ಆದ್ರೆ ಗಾಳಿ ಕುಡಿಯುತ್ತೆ ಸಾರ್. ನಿಮ್ಮ ಮನೇಲಿ ಎಷ್ಟು ಎಚ್‌ಪಿ ಕಂಪ್ರೆಸರ್ ಇದೆ ಅಂದ್ರಿ?"

"ಎರಡು."

"ಒಂದು ನಿಮಿಷ ಹೊಡೆದ್ರೆ ಮೂರು ನಿಮಿಷ ಏದುಸಿರು ಬಿಡುತ್ತೆ. ಐದು ಎಚ್‌ಪಿದು ಬಾಡಿಗೆಗೆ ತಗೊಳ್ಳಿ, ಗನ್ನಿನ ಬಾಯಿಗೆ ಸಣ್ಣ ನಾಜಲ್ ಹಾಕಿ. ಪಾಟನ್ನ ಮಾತ್ರ ಕೊಂಡ್ಕೊಳ್ಳಿ. ಗಾಳಿ ಮೊದಲು ನೋಡ್ಬೇಕು ಸಾರ್, ಗನ್ ಆಮೇಲೆ. ಎಲ್ರೂ ಉಲ್ಟಾ ಮಾಡ್ತಾರೆ."

ಅಪ್ಪ ಪುಸ್ತಕದಲ್ಲಿ ಬರೆದುಕೊಂಡರು. ಆಮೇಲೆ, ಮರಳು ಮನೆಯಲ್ಲೇ ಇದೆ, ಮೇಲಿನ ಮಹಡಿಯ ಜ್ಯೋತಿಲಕ್ಷ್ಮಿಯವರು ರಿಪೇರಿ ಮಾಡಿಸಿದಾಗ ಉಳಿದದ್ದು, ಅದನ್ನೇ ಜರಡಿ ಹಿಡಿದರಾಯಿತು ಎಂದರು.

ಮೂಲೆಯ ಸ್ಟೂಲಿನ ಮೇಲೆ ಟೀ ಕುಡಿಯುತ್ತಿದ್ದ ಮುದುಕರೊಬ್ಬರು ತಲೆಯೆತ್ತಿದರು. ಹೆಸರು ಜಂಬಣ್ಣ, ಮನೆ ಹೆಗ್ಗನಹಳ್ಳಿ. ಕಬ್ಬಿಣಕ್ಕೆ ಮರಳು ಹೊಡೆಯುವ ಕೆಲಸವನ್ನೇ ಜೀವಮಾನವಿಡೀ ಮಾಡಿದವರಂತೆ.

"ಹೆಸರಲ್ಲಿ ಸ್ಯಾಂಡ್ ಇರಬಹುದು ಯಜಮಾನ್ರೇ, ಡಬ್ಬೀಲಿ ಇರಬಾರದು. ಆ ಧೂಳು ಎದೆಗಿಳಿದ್ರೆ ವಾಪಸ್ ಬರಲ್ಲ. ನಾವು ನಾಲ್ಕು ಜನ ಮರಳು ಹೊಡೀತಿದ್ವಿ. ಈಗ ಟೀ ಕುಡೀತಾ ಇರೋನು ನಾನೊಬ್ಬನೇ."

"ಹದಿನೈದು ದಿನದ ಕೆಲಸ ರೀ, ಅಷ್ಟಕ್ಕೆಲ್ಲ ಏನಾಗುತ್ತೆ? ನಿಮಗೆ ಹಾಗನ್ಸು..." ಎಂದರು ಅಪ್ಪ.

ಮಾತು ಅಲ್ಲೇ ನಿಂತಿತು. ಜಂಬಣ್ಣನವರು ಉಸಿರೆಳೆದಾಗಲೆಲ್ಲ ಕೊರಳ ಕೆಳಗಿನ ಮೂಳೆ ಮೇಲೇಳುತ್ತಿತ್ತು. ಅಪ್ಪ ಅದನ್ನೇ ನೋಡುತ್ತಿದ್ದರು. ಆ ಮಾತನ್ನು ಅವರು ಪೂರ್ತಿ ಮಾಡದೆ ಬಿಟ್ಟದ್ದನ್ನು ನಾನು ಕಂಡದ್ದು ಅದೇ ಮೊದಲು, ಅಮ್ಮ.

ಮರಳಿನ ಬದಲು ಗಾರ್ನೆಟ್ ಎಂಬ ಹರಳು ತಂದೆವು. ಚೀಲ ಬಿಚ್ಚಿ ನೋಡಿದರೆ ಥೇಟ್ ರಾಗಿ. ಗಾಳಿಯ ನಳಿಗೆ ಇರುವ ಹೆಲ್ಮೆಟ್ಟನ್ನೂ ಜಂಬಣ್ಣನವರೇ ಹುಡುಕಿ ಕೊಟ್ಟರು. "ಬಂದು ತೋರಿಸಿಕೊಡ್ತೀನಿ. ನಾನು ಹೊಡೆಯಲ್ಲ, ದೂರ ಕೂತು ಹೇಳ್ತೀನಿ" ಎಂದಿದ್ದಾರೆ.

ಉಳಿದದ್ದು ಮುಂದೆ. ಗುಳಿಗೆ ತಪ್ಪಿಸಬೇಡ. ನಿನ್ನ ಆಶೀರ್ವಾದವಿರಲಿ.

ನಿನ್ನ
ಶಿವಾನಿ

ಬಸವೇಶ್ವರನಗರ
೬ ಜುಲೈ ೨೦೨೫

ಪ್ರೀತಿಯ ಅಮ್ಮನಿಗೆ ನಮಸ್ಕಾರ.

ನಿನ್ನ ಕಾರ್ಡು ಬಂತು. ನಾಲ್ಕೇ ಸಾಲು. "ಮೂಗಿಗೆ ಬಟ್ಟೆ ಕಟ್ಟಿಕೋ" ಎಂಬ ಸಾಲು ಓದಿ ನಕ್ಕೆ. "ಕಾರು ಹೊಸದಾದರೆ ಅದರೊಳಗೆ ಕೂರುವವರೂ ಹೊಸಬರಾಗುತ್ತಾರೆಯೇ?" ಎಂಬ ಸಾಲಿಗೆ ನಗು ನಿಂತಿತು. ಕಾರ್ಡು ತಾನೇ, ಮುಚ್ಚಿಡುವಂತಿಲ್ಲ. ಪೋಸ್ಟಿನವನಿಂದ ಅಪ್ಪನೇ ತೆಗೆದುಕೊಂಡರು, ಎರಡು ಸಲ ಓದಿದರು, ಕನ್ನಡಕ ಒರೆಸಿಕೊಂಡು ನನ್ನ ಕೈಗೆ ಕೊಟ್ಟರು. ಆ ಸಾಲಿಗೆ ನಾನು ಉತ್ತರ ಬರೆಯಲಾರೆ. ನಡೆದದ್ದನ್ನು ಬರೆಯುತ್ತೇನೆ.

ಪೋರ್ಟಿಕೋದ ಸುತ್ತ ಟಾರ್ಪಾಲು ಕಟ್ಟಿ ಗುಡಾರ ಮಾಡಿದ್ದೇವೆ. ಚೆಲ್ಲಿದ ಹರಳನ್ನು ಗುಡಿಸಿ, ಜರಡಿ ಹಿಡಿದು ಮತ್ತೆ ಡಬ್ಬಿಗೆ ಹಾಕಬೇಕು. ಮೊದಲನೆಯ ದಿನ ಹೊಡೆಯಲು ಶುರುಮಾಡಿದ್ದೇ ತಡ, ಮೇಲಿನಿಂದ ಜ್ಯೋತಿಲಕ್ಷ್ಮಿ ಆಂಟಿ ಇಣುಕಿದರು.

"ರೀ ರೇವಣಸಿದ್ದಯ್ಯನೋರೇ, ಮನೆಯೊಳಗೆ ವಿಮಾನ ಇಳಿಸ್ತಾ ಇದ್ದೀರಾ? ನನ್ನ ಬಿಳಿ ಬೆಡ್‌ಶೀಟು ಹೋಗಿ ಕಾವಿ ಬಟ್ಟೆ ಆಗಿದೆ. ನಾಳೆ ಯಾವ ಮಠಕ್ಕೆ ಹೋಗ್ಲಿ ನಾನು?"

ಅಪ್ಪ ಕೈಮುಗಿದರು. ಹನ್ನೊಂದರಿಂದ ಎರಡರವರೆಗೆ ಮಾತ್ರ ಕೆಲಸ, ಆ ಹೊತ್ತಿನಲ್ಲಿ ಅವರು ಬಟ್ಟೆ ಒಣಹಾಕುವುದಿಲ್ಲ ಎಂದು ರಾಜಿಯಾಯಿತು. ಈಗ ಅವರೇ ಒಂದು ಗಂಟೆಗೆ ಮಜ್ಜಿಗೆ ಕಳಿಸುತ್ತಾರೆ.

ಅಂದು ಎರಡು ನಿಮಿಷ ಹೊಡೆಯುವಷ್ಟರಲ್ಲಿ ಗನ್ ಕೆಮ್ಮಿ ನಿಂತುಬಿಟ್ಟಿತು. ಬಿಚ್ಚಿದರೆ ನಳಿಗೆಯ ಬಾಯಲ್ಲಿ ಹರಳು ಅಂಬಲಿಯಂತೆ ಕಟ್ಟಿಕೊಂಡಿತ್ತು. "ಗಾಳೀಲಿ ನೀರಿದೆ" ಎಂದರು ಜಂಬಣ್ಣ. ಕಂಪ್ರೆಸರಿನ ಹೊಟ್ಟೆಯ ಕೆಳಗೆ ಸಣ್ಣ ತಿರುಪು ಇದೆ. ತಿರುಗಿಸಿದರೆ ಬುಸ್ ಎಂದು ಒಂದು ಲೋಟ ನೀರು ಬಂತು! ಯಾರೂ ಹುಯ್ದ ನೀರಲ್ಲ. ನಾವು ಉಸಿರಾಡುತ್ತಿದ್ದ ಗಾಳಿಯನ್ನೇ ಹಿಂಡಿ ತೆಗೆದ ನೀರು. ಆಷಾಢದಲ್ಲಿ ಅರ್ಧ ಗಂಟೆಗೊಮ್ಮೆ ಹೀಗೆ ತೆಗೆಯಬೇಕಂತೆ. ಆ ಲೋಟವನ್ನು ಬೆಳಕಿಗೆ ಹಿಡಿದು ನೋಡುತ್ತಾ ನಿಂತುಬಿಟ್ಟೆ. "ಕುಡೀಬೇಡಿ ಮೇಡಂ, ಎಣ್ಣೆ ಇರುತ್ತೆ" ಎಂದು ಅವರು ನಕ್ಕರು.

ಅಭ್ಯಾಸಕ್ಕೆಂದು ಗುಜರಿಯಿಂದ ಹಳೆಯ ಬಾನೆಟ್ಟೊಂದನ್ನು ತಂದಿದ್ದೆವು. ಅಪ್ಪ ಎದುರಿಗೆ ನೆಟ್ಟಗೆ ನಿಂತು, ಒಂದೇ ಜಾಗಕ್ಕೆ, ಹತ್ತಿರದಿಂದ ಹೊಡೆದರು. ತುಕ್ಕು ಹೋಗುವತನಕ ಬಿಡುವುದಿಲ್ಲವೆಂಬ ಹಟ. ತುಕ್ಕೇನೋ ಹೋಯಿತು. ತಗಡು ಎಣ್ಣೆಗೆ ಬಿಟ್ಟ ಹಪ್ಪಳದಂತೆ ಉಬ್ಬಿಕೊಂಡಿತು. ಒತ್ತಿದರೆ ಟಪ್ ಎಂದು ಒಳಗೆ, ಬಿಟ್ಟರೆ ಟಪ್ ಎಂದು ಹೊರಗೆ.

"ಹೋಯ್ತು ಯಜಮಾನ್ರೇ. ಇದು ಇನ್ನು ಯಾವತ್ತೂ ಸಮ ಆಗಲ್ಲ" ಎಂದರು ಜಂಬಣ್ಣ.

"ಗಟ್ಟಿಯಾಗಿ ಹಿಡಿದ್ರೆ ತಾನೇ ಹೋಗೋದು?"

"ಹರಳು ಅದರ ಕೆಲಸ ಅದು ಮಾಡುತ್ತೆ, ನೀವು ತಳ್ಳೋದೇನೂ ಬೇಡ. ಓರೆಗೆ ಹಿಡೀರಿ. ಒಂದು ಮೊಳ ದೂರ. ಕೈ ನಿಲ್ಲಲೇಬಾರದು. ಒಂದೇ ಸಲಕ್ಕೆ ಹೋಗ್ಲಿಲ್ಲಾಂದ್ರೆ ಇನ್ನೊಂದು ಸಲ ಬನ್ನಿ, ಯಾರು ಬೇಡ ಅಂತಾರೆ?"

ಅಪ್ಪ ಮತ್ತೆ ಪ್ರಯತ್ನಿಸಿದರು, ಮತ್ತೆ ಟಪ್. ಆಗ ಜಂಬಣ್ಣ ನನ್ನ ಕಡೆ ತಿರುಗಿದರು. "ಮೇಡಂ, ನೀವು ಬನ್ನಿ. ಬೆಳಗ್ಗೆಯಿಂದ ನಾನು ಕೈಯಾಡಿಸಿ ತೋರಿಸೋದನ್ನೇ ನೋಡ್ತಾ ಇದ್ದೀರ. ನೋಡೋರಿಗೆ ಬೇಗ ಬರುತ್ತೆ."

ನಾನು ಅಪ್ಪನ ಮುಖ ನೋಡಿದೆ. ಅವರು ಹೆಲ್ಮೆಟ್ ಬಿಚ್ಚಿ ನನ್ನ ತಲೆಗೆ ಹಾಕಿ, ಪಟ್ಟಿಯನ್ನೂ ತಾವೇ ಬಿಗಿದರು.

ಅದರೊಳಗೆ ಬೇರೆಯೇ ಲೋಕವಿದೆ, ಅಮ್ಮ. ಹಣೆಯ ಮೇಲೆ ಶುದ್ಧ ಗಾಳಿ ಸುರಿಯುತ್ತಿರುತ್ತದೆ. ಹೊರಗಿನ ಗದ್ದಲ ದೂರದ್ದೆನಿಸುತ್ತದೆ. ಯಾರಿಗೂ ನನ್ನ ಮುಖ ಕಾಣುವುದಿಲ್ಲ. ಗನ್ನಿನ ಹಿಡಿಕೆ ಒತ್ತಿದೆ. ಬಣ್ಣ ಸುಲಿಯುತ್ತದೆ, ಚಕ್ಕೆಯಾಗಿ ಏಳುತ್ತದೆ ಎಂದುಕೊಂಡಿದ್ದೆ. ಹಾಗಲ್ಲ. ಅದು ಇರುತ್ತದೆ, ಆಮೇಲೆ ಇರುವುದಿಲ್ಲ. ಮೊದಲು ಬಿಳಿ ಹೋಯಿತು, ಅದರಡಿಯ ಕೆಂಪು ಹೋಯಿತು, ಕಪ್ಪು ತುಕ್ಕಿನ ಚುಕ್ಕೆಗಳು ಒಂದೊಂದಾಗಿ ಹೋದವು. ಕೊನೆಗೆ ತಗಡು ಬಂತು. ಹೊಳೆಯುತ್ತದೆ ಎಂದುಕೊಂಡಿದ್ದೆ, ಹೊಳೆಯಲಿಲ್ಲ. ಆಗತಾನೆ ಉಜ್ಜಿದ ವಿಭೂತಿಯ ಬಣ್ಣ. ಅಷ್ಟೇ ನುಣುಪು, ಅಷ್ಟೇ ಮೌನ. ಅದು ಕಾರ್ಖಾನೆಯಲ್ಲಿ ಒಂದು ದಿನ ಬೆಳಕು ನೋಡಿ ಬಣ್ಣದಡಿ ಹೋದ ತಗಡು. ಮತ್ತೆ ಬೆಳಕು ನೋಡುವಾಗ ನಾನು ಎದುರಿಗಿದ್ದೆ. ಕೈ ತಾನಾಗಿಯೇ ಮುಟ್ಟಲು ಹೋಯಿತು.

"ಬರಿಗೈ ಮುಟ್ಬೇಡಿ!" ಎಂದು ಜಂಬಣ್ಣ ಕೂಗಿ, ಕೂಗಿದ್ದಕ್ಕೆ ಕೆಮ್ಮಿದರು. "ಬೆವರು ತಾಕಿದ್ರೆ ಸಂಜೆಗೆ ನಿಮ್ಮ ಐದು ಬೆರಳೂ ತುಕ್ಕಲ್ಲಿ ಮೂಡಿರುತ್ತೆ. ಬತ್ತಲೆ ತಗಡು ಮಗು ಇದ್ದಂಗೆ. ಇವತ್ತಿಂದು ಇವತ್ತೇ ಅಡಿಬಣ್ಣ, ಪ್ರೈಮರ್, ಹೊದಿಸ್ಬೇಕು."

ಎರಡು ವಾರದಲ್ಲಿ ನಾಲ್ಕು ಬಾಗಿಲು, ನಮ್ಮ ಬಾನೆಟ್ಟು, ಮುಂದಿನ ಎರಡು ಮಡ್‌ಗಾರ್ಡು ಮುಗಿಸಿದ್ದೇನೆ. ಹೊಡೆಯುವವಳು ನಾನು, ಡಬ್ಬಿ ತುಂಬಿ ಗಾಳಿ ಬಿಡುವವರು ಅಪ್ಪ. ಮೊನ್ನೆ ನಳಿಗೆಯ ಒಂದು ಜೋಡಣೆ ಸಡಿಲವಾದಾಗ ನಾನು "ಗಾಳಿ ನಿಲ್ಸೀ!" ಎಂದು ಕಿರುಚಿದೆ. ನನ್ನ ಗಂಟಲಲ್ಲಿ ಅಷ್ಟು ದೊಡ್ಡ ದನಿ ಇದೆಯೆಂದು ನನಗೇ ಗೊತ್ತಿರಲಿಲ್ಲ. ಅಪ್ಪ ಪ್ರಶ್ನೆ ಕೇಳದೆ ಥಟ್ಟನೆ ನಿಲ್ಲಿಸಿದರು.

ಮುಂದಿನ ವಾರ ಕಾರಿನ ಒಳನೆಲ. ನೀನು ಹಾಸ್ಟೆಲಿನವರಿಗೆ ಏನು ಹೇಳಬೇಕೆಂದುಕೊಂಡಿದ್ದೀಯೋ ನಾನು ಕೇಳುವುದಿಲ್ಲ. ಅಪ್ಪ ಮಾತ್ರ ದಿನವೂ ಕ್ಯಾಲೆಂಡರ್ ನೋಡುತ್ತಾರೆ.

ಆಶೀರ್ವದಿಸು.

ಶಿವಾನಿ

ಬಸವೇಶ್ವರನಗರ
೨೦ ಜುಲೈ ೨೦೨೫

ಪ್ರೀತಿಯ ಅಮ್ಮನಿಗೆ,

ನಮಸ್ಕಾರ. ಕಳೆದ ಭಾನುವಾರವೇ ಬರೆಯಬೇಕಿತ್ತು. ಬರೆಯಲಾಗಲಿಲ್ಲ. ಕ್ಷಮಿಸು ಎನ್ನುವುದನ್ನು ಈ ಕಾಗದದಲ್ಲಿ ಒಂದಕ್ಕಿಂತ ಹೆಚ್ಚು ಸಲ ಬರೆಯಬೇಕಾದೀತು.

ಒಳನೆಲದ ಕೆಲಸ ಬಲಗಡೆಯಿಂದ ಶುರುವಾಯಿತು. ಅಪ್ಪ ಓಡಿಸುವಾಗ ಕಾಲಿಡುವ ಜಾಗ. ಬಣ್ಣ ಹೋದ ಮೇಲೆ ಆ ತಗಡು ಹೊಸದರಂತಿತ್ತು. ಅಪ್ಪ ಬೀಗಿದರು. "ನೋಡಿದ್ಯಾ, ಇಪ್ಪತ್ತೇಳು ವರ್ಷ ಆದ್ರೂ ಒಂದು ಚುಕ್ಕೆ ಇಲ್ಲ."

ಆಮೇಲೆ ಎಡಗಡೆಗೆ ಬಂದೆ. ನಿನ್ನ ಸೀಟಿನ ಮುಂದಿನ ಜಾಗ. ಗನ್ ಹಿಡಿದು ಎರಡು ಸಲ ಕೈಯಾಡಿಸಿರಬೇಕು. ಬಣ್ಣದ ಅಡಿಯಲ್ಲಿ ಕೆಂಪು, ಅದರಡಿ ಕಪ್ಪು, ಅದರಡಿ ತಗಡು ಬರಬೇಕು. ಬರಲಿಲ್ಲ. ಬೆಳಕು ಬಂತು. ಕೆಳಗಿನ ಪೋರ್ಟಿಕೋದ ಬೆಳಕು. ಮೊದಲು ಒಂದು ತೂತು, ಆಮೇಲೆ ನಾಲ್ಕು. ಕೈ ತೆಗೆಯುವಷ್ಟರಲ್ಲಿ ಇಡೀ ಜಾಗ ಜರಡಿಯಾಗಿತ್ತು. ಅಷ್ಟು ವರ್ಷ ತಗಡಿನ ವೇಷ ಹಾಕಿಕೊಂಡು ಇದ್ದದ್ದು ಬರಿಯ ಬಣ್ಣ ಮತ್ತು ತುಕ್ಕು. ಅದರ ಮೇಲೆ ನೀನು ಕಾಲಿಟ್ಟುಕೊಂಡು ಕೂರುತ್ತಿದ್ದೆ. ನಾನು ಗನ್ ಕೆಳಗಿಟ್ಟೆ.

ಅಪ್ಪ ಒಳಗೆ ಹೋಗಿ ದಪ್ಪ ಅಳೆಯುವ ಮೈಕ್ರೋಮೀಟರ್ ತಂದರು. ತೂತಿನ ಅಂಚು ಹಿಡಿದು ಅಳೆಯಲು ಹೋದರು. ಅಂಚು ಒಣಗಿದ ಎಲೆಯಂತೆ ಪುಡಿಯಾಯಿತು. ಅಳೆಯಲು ಏನೂ ಇರಲಿಲ್ಲ.

ಜಂಬಣ್ಣ ಬಗ್ಗಿ ನೋಡಿದರು. "ಇದು ರಸ್ತೆ ನೀರು ಸಿಡಿದು ಕೆಳಗಿಂದ ಬಂದಿರೋ ತುಕ್ಕಲ್ಲ. ಮೇಲಿಂದ ಬಂದಿದ್ದು. ಇಲ್ಲಿ ನೀರು ನಿಂತ್ಕೋತಾ ಇತ್ತು, ವರ್ಷಗಟ್ಲೆ. ಯಜಮಾನ್ರೇ, ಇಲ್ಲಿ ಕೂರ್ತಿದ್ದೋರು ಯಾರೂ ಹೇಳ್ಲಿಲ್ವಾ?"

ನಾನೂ ಮಾತಾಡಲಿಲ್ಲ, ಅಪ್ಪನೂ ಮಾತಾಡಲಿಲ್ಲ. ಕಂಪ್ರೆಸರ್ ಗಾಳಿ ತುಂಬಿಕೊಂಡು ತಾನಾಗಿಯೇ ನಿಂತಿತು. ಆ ನಿಶ್ಶಬ್ದದಲ್ಲಿ ಅಪ್ಪ ಹೇಳಿದರು, "ಹೇಳಿದ್ಲು."

ಮಳೆ ಬಂದಾಗಲೆಲ್ಲ ನೀನು ಹೇಳುತ್ತಿದ್ದೆ. ಕಾಲು ಒದ್ದೆಯಾಗುತ್ತಿದೆ ಎಂದು. ನಿನ್ನ ಛತ್ರಿಯ ನೀರು ಎನ್ನುತ್ತಿದ್ದರು. ಕಿಟಕಿ ಸರಿಯಾಗಿ ಏರಿಸಿಲ್ಲ ಎನ್ನುತ್ತಿದ್ದರು. ಕೊನೆಗೆ, ನಿನಗೆ ಹಾಗನ್ಸುತ್ತೆ ಅಷ್ಟೆ.

ಮರುದಿನ ಬೆಳಗ್ಗೆ ಅಪ್ಪ 'ನೀರು ಎಲ್ಲಿಂದ ಬರುತ್ತೆ ನೋಡೋಣ' ಎಂದರು. ಸೀಟಿರಲಿಲ್ಲವಲ್ಲ, ತೂತಿನ ಮೇಲೆ ಹಲಗೆ ಹಾಸಿ, ಅದರ ಮೇಲೆ ಅಡುಗೆಮನೆಯ ಮಣೆ ಇಟ್ಟು, ನೀನು ಕೂರುವ ಜಾಗದಲ್ಲಿ ಬರಿಗಾಲಲ್ಲಿ ಕುಳಿತರು. "ಗಾಜಿನ ಮೇಲೆ ಹುಯ್ಯಿ, ಮಳೆ ಬಂದ ಹಾಗೆ." ನಾನು ಚೊಂಬಿನಿಂದ ಹುಯ್ದೆ. ನೀರು ಗಾಜಿನ ಮೇಲೆ ಹರಿದು, ವೈಪರಿನ ಕೆಳಗಿರುವ ಕಪ್ಪು ಜಾಲಿಯೊಳಗೆ ಇಳಿದು ಕಾಣೆಯಾಯಿತು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಡ್ಯಾಶ್‌ಬೋರ್ಡಿನ ಅಡಿಯಿಂದ ತಟಕ್, ತಟಕ್. ಅಪ್ಪನ ಬಲಪಾದದ ಮೇಲೆ. ಆಮೇಲೆ ಎಡಪಾದದ ಮೇಲೆ. ಆಮೇಲೆ ದಾರದಂತೆ ಸುರಿಯಿತು.

"ಮತ್ತೆ ಹುಯ್ಯಿ" ಎಂದರು.

ಮತ್ತೆ ಹುಯ್ದೆ.

"ಮತ್ತೆ."

ಮೂರು ಸಲ. ಯಾವುದನ್ನೇ ಆದರೂ ಮೂರು ಸಲ ಅಳೆಯಬೇಕು ಎನ್ನುವುದು ಅವರ ಕಾರ್ಖಾನೆಯ ಅಭ್ಯಾಸ. ಮೂರನೆಯ ಸಲ ಅವರು ಕಾಲು ನೋಡುತ್ತಿರಲಿಲ್ಲ. ಕಣ್ಣು ಮುಚ್ಚಿಕೊಂಡಿದ್ದರು. ಪ್ಯಾಂಟಿನ ತುದಿ ನೆನೆದು ಕಾಲಿಗೆ ಅಂಟಿಕೊಂಡಿತ್ತು. "ನಾನು ಚೆಕ್ ಮಾಡ್ಲೇ ಇಲ್ಲ ಕಣಮ್ಮ" ಎಂದರು. "ಊರಿನ ಮಾಲೆಲ್ಲಾ ಚೆಕ್ ಮಾಡ್ದೆ. ಬಗ್ಗಿ ಒಂದ್ಸಲ ಮ್ಯಾಟು ಎತ್ತಿ ನೋಡಿದ್ರೆ ಆಗ್ತಿತ್ತು."

ಇನ್ನು, ನೀರು ಯಾಕೆ ಹೊರಗೆ ಹರಿದುಹೋಗದೆ ಒಳಗೆ ಬರುತ್ತಿತ್ತು ಎಂಬುದು. ಇದನ್ನು ಬರೆಯಬೇಡವೆಂದು ಅಪ್ಪ ಹೇಳಿದ್ದಾರೆ. ಬರೆಯುತ್ತಿದ್ದೇನೆ.

ಆ ಜಾಲಿಯನ್ನು ಬಿಚ್ಚಿದೆವು. ಅದರ ಕೆಳಗೆ ನೀರು ಹೋಗಲು ಒಂದು ತೊಟ್ಟಿ, ಮೂಲೆಯಲ್ಲಿ ಒಂದು ಕಿಂಡಿ. ತೊಟ್ಟಿಯ ತುಂಬ ಕಪ್ಪು ಗೊಬ್ಬರದಂಥದ್ದು ಗಟ್ಟಿಯಾಗಿ ಕೂತಿತ್ತು. ಚಮಚದಿಂದ ಕೆದಕಿದೆ. ಮೊದಲು ಬಂದದ್ದು ದಾರ. ಹೂ ಕಟ್ಟುವ ದಾರ, ಗಂಟು ಗಂಟು. ಆಮೇಲೆ ಅಕ್ಕಿಕಾಳು. ಬಿಲ್ವಪತ್ರೆಯ ನರಗಳು, ಎಲೆ ಕರಗಿ ಬರಿಯ ಬಲೆಯಂತೆ ಉಳಿದದ್ದು. ಮೇಲಿನ ಪದರದಲ್ಲಿ ಬಣ್ಣ ಇನ್ನೂ ಮಾಸದ ಎರಡು ಕನಕಾಂಬರ. ಇಪ್ಪತ್ತೇಳು ವರ್ಷದ ಶುಕ್ರವಾರಗಳು, ಅಮ್ಮ. ಗಾಜಿಗೆ ವಿಭೂತಿ ಹಚ್ಚಿ, ಅಪ್ಪ ಕ್ಷೇಮವಾಗಿ ಹೋಗಿಬರಲೆಂದು ನೀನು ಆ ಜಾಲಿಯ ಮೇಲಿಟ್ಟ ಹೂವೆಲ್ಲ ಒಣಗಿ, ಒಳಗೆ ಬಿದ್ದು, ಪದರದ ಮೇಲೆ ಪದರವಾಗಿ ಕಿಂಡಿಯನ್ನು ಮುಚ್ಚಿತ್ತು. ಒಂದು ಬೋಗುಣಿ ತುಂಬಿತು. ಅದರಿಂದ ಕೊಳೆತ ವಾಸನೆ ಬರಲಿಲ್ಲ. ಮಳೆ ಬಿದ್ದ ಮಣ್ಣಿನ ವಾಸನೆ ಬಂತು. ಒಬ್ಬರ ಪ್ರಾರ್ಥನೆಯನ್ನು ಹೀಗೆ ಚಮಚದಲ್ಲಿ ಎತ್ತಿ ನೋಡುವ ಅವಕಾಶ ಯಾರಿಗೆ ಸಿಗುತ್ತದೆ?

ನನಗೆ ಭಯವಾಯಿತು. ಅಪ್ಪ ಈಗ 'ನೋಡಿದ್ಯಾ, ಅವಳೇ ಮಾಡ್ಕೊಂಡಿದ್ದು' ಎನ್ನುತ್ತಾರೆ ಎಂದುಕೊಂಡೆ. ಹಾಗೆ ಅಂದಿದ್ದರೆ ನಾನು ಗನ್ನನ್ನು ಮತ್ತೆ ಮುಟ್ಟುತ್ತಿರಲಿಲ್ಲ. ಅವರು ಬೋಗುಣಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ನಿಂತರು.

"ಕಸಕ್ಕೆ ಹಾಕ್ಬೇಡ. ದೇವರ ಹೂವು, ಗಿಡದ ಬುಡಕ್ಕೆ ಹಾಕು" ಎಂದರು. "ಮತ್ತೆ, ಇದನ್ನ ಅವಳಿಗೆ ಬರೀಬೇಡ. ಒದ್ದೆ ಆಗ್ತಿತ್ತು, ನಾನು ನೋಡ್ಲಿಲ್ಲ ಅಂತ ಬರಿ. ಅಷ್ಟು ಸಾಕು."

ಜಂಬಣ್ಣನವರ ಪರಿಚಯದ ವೆಲ್ಡರ್ ಬಂದು ಎಡಗಡೆಯ ನೆಲವನ್ನು ಕತ್ತರಿಸಿ ಹೊಸ ತಗಡು ಕೂರಿಸಿದ್ದಾರೆ. ನಾನು ಪ್ರೈಮರ್ ಹೊಡೆದಿದ್ದೇನೆ. ಬಣ್ಣ, ಎಂಜಿನ್ನು, ಸೀಟು, ಎಲ್ಲ ಬಾಕಿ ಇದೆ. ದೀಪಾವಳಿಯಾದರೂ ಆದೀತು. ನಿನ್ನೆ ಅಪ್ಪ, "ಗಾಡಿಗೆ ಕಾಯೋದು ಬೇಡ" ಎಂದರು. ಬರುವ ಭಾನುವಾರ ಬೆಳಗಿನ ಬಸ್ಸಿಗೆ ದಾವಣಗೆರೆಗೆ ಬರುತ್ತಾರೆ. "ಕರ್ಕೊಂಡು ಬರೋಕಲ್ಲ. ಬರ್ತೀಯಾ ಅಂತಾನೂ ಕೇಳಲ್ಲ. ಒಂದು ಮಾತು ಹೇಳೋದಿದೆ, ಹೇಳಿ ಬರ್ತೀನಿ." ಅವರು ಹೇಳುವಾಗ ತಡವರಿಸಬಹುದು, ನಡುವೆ ಕಾರಿನ ಒತ್ತಡ, ತಗಡಿನ ದಪ್ಪ ಎಲ್ಲ ಬರಬಹುದು. ಪೂರ್ತಿ ಕೇಳಿಸಿಕೋ. ಆಮೇಲೆ ಹಾಸ್ಟೆಲಿನವರಿಗೆ ನಿನ್ನ ಮನಸ್ಸಿಗೆ ಬಂದದ್ದನ್ನೇ ಹೇಳು.

ಶುಕ್ರವಾರ ಶ್ರಾವಣ ಶುರು. ನಾನು ಮನೆಯೊಳಗೆ ಮಾತ್ರ ಹೂವಿಡುತ್ತೇನೆ. ಸಾಧ್ಯವಾದರೆ ನನ್ನನ್ನು ಆಶೀರ್ವದಿಸು.

ನಿನ್ನ ಮಗಳು
ಶಿವಾನಿ

ತಾ.ಕ.: ಅಪ್ಪ ಬೇಡವೆಂದರೂ ಹೂವಿನ ವಿಷಯ ಬರೆದದ್ದು, ಇದನ್ನು ಬರೆಯಲು ಧೈರ್ಯ ಬರಲೆಂದು. ಜಂಬಣ್ಣ "ಯಾರೂ ಹೇಳ್ಲಿಲ್ವಾ?" ಎಂದು ಕೇಳಿದಾಗ ಅಪ್ಪನಾದರೂ ಉತ್ತರ ಕೊಟ್ಟರು.

ಹೋದ ವರ್ಷದ ಆಷಾಢ. ಕೆಂಗೇರಿಯಲ್ಲಿ ಸುಮಾಳ ಮಗುವಿನ ನಾಮಕರಣ ಮುಗಿಸಿ ಬರುತ್ತಿದ್ದೆವು. ನಾಗರಭಾವಿ ಹತ್ತಿರ ಜೋರು ಮಳೆ ಹಿಡಿಯಿತು. ನೀನು "ರೀ, ಕಾಲೆಲ್ಲ ಒದ್ದೆ" ಎಂದೆ. ಅಪ್ಪ ಎಂದಿನ ಮಾತು ಹೇಳಿದರು. ನೀನು ಹಿಂದೆ ತಿರುಗಿ ನನ್ನ ಮುಖ ನೋಡಿ ಕೇಳಿದೆ, "ನೀನು ಹೇಳೇ ಶಿವಾನಿ. ಒದ್ದೆ ಇದೆ, ಹೌದಲ್ವಾ?" ನಾನು ನಿನ್ನ ಸೀಟಿನ ಹಿಂದೆಯೇ ಕುಳಿತಿದ್ದೆ. ನೀರು ಮ್ಯಾಟಿನ ಅಡಿಯಿಂದ ಹರಿದು ಹಿಂದಕ್ಕೆ ಬಂದಿತ್ತು. ಕಾಲ ಬಳಿ ಇಟ್ಟಿದ್ದ ನನ್ನ ಚೀಲ ನೆನೆದು ಒಳಗಿನ ಲೈಬ್ರರಿ ಪುಸ್ತಕ ತೊಯ್ದಿತ್ತು. ಕನ್ನಡಿಯಲ್ಲಿ ಅಪ್ಪನ ಕಣ್ಣು ಕಾಣುತ್ತಿತ್ತು. "ನಂಗೇನೂ ಗೊತ್ತಾಗ್ಲಿಲ್ಲಮ್ಮ" ಎಂದೆ. ಅಪ್ಪ ನೋಡಿರಲಿಲ್ಲ. ನಾನು ನೋಡಿದ್ದೆ. ಮನೆಗೆ ಬಂದು ಕೋಣೆಯ ಬಾಗಿಲು ಹಾಕಿಕೊಂಡು ಪುಸ್ತಕದ ಹಾಳೆಗಳನ್ನು ಒಂದೊಂದಾಗಿ ಬಿಡಿಸಿ ಫ್ಯಾನಿನ ಕೆಳಗೆ ಒಣಗಿಸಿದೆ.

ನೀನು ಆಗ ಮುಂದಕ್ಕೆ ತಿರುಗಿ, ಸೆರಗಿನಿಂದ ಪಾದ ಒರೆಸಿಕೊಂಡು, ಕಾಲು ಮೇಲಕ್ಕೆತ್ತಿ ಕುಳಿತೆ. ಆಮೇಲೆ ನೀನು ಯಾವತ್ತೂ, ಯಾವ ವಿಷಯಕ್ಕೂ, ಹೌದಲ್ವಾ ಎಂದು ನನ್ನನ್ನು ಕೇಳಿಲ್ಲ.